ಟೈಲರಿಂಗ್ ಎಲ್ಲಿ ಕಲಿಯಬೇಕು? ತಿಂಗಳ ತರಬೇತಿಯಿಂದ ನಿಫ್ಟ್‌ವರೆಗೆ ಒಂದು ಹೋಲಿಕೆ

ಕರ್ನಾಟಕದಲ್ಲಿ ಹೊಲಿಗೆ ಕಲಿಯಲು ದಾರಿಗಳಿಗೆ ಬರ ಇಲ್ಲ. ಬ್ಯಾಂಕುಗಳು ನಡೆಸುವ ಒಂದು ತಿಂಗಳ ಉಚಿತ ತರಬೇತಿ ಇದೆ. ಐಟಿಐಯಲ್ಲಿ ಒಂದು ವರ್ಷದ ಕೋರ್ಸ್ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ, ಕೇಂದ್ರ ಸರ್ಕಾರದ ಫ್ಯಾಷನ್ ಸಂಸ್ಥೆ ನಿಫ್ಟ್‌ನಲ್ಲಿ ನಾಲ್ಕು ವರ್ಷದ ಡಿಗ್ರಿ. ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿಸುವ ತರಬೇತಿ ಬೇರೆ. ಬೀದಿ ಕೊನೆಯ ಟೈಲರ್ ಅಂಗಡಿ ಅಂತೂ ಇದ್ದೇ ಇದೆ. ಹೆಚ್ಚಿನ ಕಡೆ ಬೋರ್ಡಿನ ಮೇಲೆ ಬರೆದಿರುವುದು ಒಂದೇ: ಟೈಲರಿಂಗ್ ಮತ್ತು ಫ್ಯಾಷನ್ ಡಿಸೈನಿಂಗ್. ಒಳಗೆ ಕಲಿಸುವ ಕಸುಬು ಮಾತ್ರ ಒಂದೊಂದು ಕಡೆ ಒಂದೊಂದು.

ಹಾಗಾಗಿ ‘ಯಾವ ಕೋರ್ಸ್ ಒಳ್ಳೇದು?’ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ನಾಳೆ ನಿಮಗೆ ದುಡ್ಡು ಕೊಡುವವರು ಯಾರು? ಬಟ್ಟೆ ತಂದುಕೊಡುವ ಗಿರಾಕಿಯಾ? ತಿಂಗಳ ಸಂಬಳ ಕೊಡುವ ಫ್ಯಾಕ್ಟರಿಯಾ? ಪಾಠ ಹೇಳಲು ಕರೆಯುವ ಸಂಸ್ಥೆಯಾ? ಅಥವಾ ನಿಮ್ಮ ಡಿಸೈನ್‌ಗೆ ಬೆಲೆ ಕೊಡುವ ಬ್ರ್ಯಾಂಡಾ? ಈ ನಾಲ್ವರೂ ನಿಮ್ಮಲ್ಲಿ ಹುಡುಕುವುದು ನಾಲ್ಕು ಬೇರೆ ಬೇರೆ ಗುಣ. ಗಿರಾಕಿ ನಿಮ್ಮ ಸರ್ಟಿಫಿಕೇಟ್ ನೋಡುವುದಿಲ್ಲ, ಕಂಕುಳ ಹತ್ತಿರ ಎಳೆಯುತ್ತಾ ಅಂತ ಕೈ ಎತ್ತಿ ನೋಡುತ್ತಾಳೆ. ಐಟಿಐಯವರಿಗೆ ಸರ್ಟಿಫಿಕೇಟ್ ಇಲ್ಲದೆ ನಿಮ್ಮ ಅರ್ಜಿಯನ್ನು ಮುಟ್ಟಲೂ ಆಗುವುದಿಲ್ಲ.

ಮನೆಯಲ್ಲಿ ಕೂತು ಹೊಲಿಯುವವರಿಗೆ

ಹೆಚ್ಚಿನವರ ಆಸೆ ಇದೇ. ಮನೆ, ಮಕ್ಕಳು, ಹೊಲ ಎಲ್ಲವನ್ನೂ ನೋಡಿಕೊಂಡು ನಾಲ್ಕು ಕಾಸು ಮಾಡಬೇಕು. ಇವರಿಗೆ ನಾನು ಮೊದಲು ಹೇಳುವ ಹೆಸರು ರುಡ್‌ಸೆಟ್ ಅಥವಾ ಆರ್‌ಸೆಟಿ, ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ ಬ್ಯಾಂಕುಗಳ ತರಬೇತಿ ಸಂಸ್ಥೆ.

ಇದು ನಮ್ಮ ನೆಲದಲ್ಲೇ ಹುಟ್ಟಿದ ಮಾದರಿ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಮೊದಲ ರುಡ್‌ಸೆಟ್ ಸಂಸ್ಥೆ ತೆರೆದವು. ಅದು ಚೆನ್ನಾಗಿ ನಡೆಯಿತು. ಮುಂದೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳನ್ನು ಶುರುಮಾಡಿತು. ನಡೆಸುವುದು ಸಾಮಾನ್ಯವಾಗಿ ಆ ಜಿಲ್ಲೆಯ ಲೀಡ್ ಬ್ಯಾಂಕ್, ಅಂದರೆ ಅಲ್ಲಿನ ಬ್ಯಾಂಕುಗಳಿಗೆ ಮುಂದಾಳಾಗಿರುವ ಬ್ಯಾಂಕ್. ಮಹಿಳೆಯರ ಹೊಲಿಗೆ ತರಬೇತಿ ಸುಮಾರು ಒಂದು ತಿಂಗಳು. ಫೀಸು ಇಲ್ಲ, ಊಟ ಮತ್ತು ವಸತಿ ಅವರದೇ. 18 ತುಂಬಿರಬೇಕು, ಹಳ್ಳಿಯ ಬಡ ಕುಟುಂಬದವರಿಗೆ ಮೊದಲ ಆದ್ಯತೆ.

ಇಲ್ಲಿ ಹೊಲಿಗೆಯ ಜೊತೆಗೆ ಲೆಕ್ಕ ಬರೆಯುವುದು, ರೇಟು ಹಾಕುವುದು, ಗಿರಾಕಿಯ ಜೊತೆ ಮಾತಾಡುವುದು, ಬ್ಯಾಂಕಿನಲ್ಲಿ ಸಾಲ ಕೇಳುವುದು ಎಲ್ಲವನ್ನೂ ಹೇಳಿಕೊಡುತ್ತಾರೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ನಿಮ್ಮನ್ನು ವಿಚಾರಿಸುತ್ತಾ ಇರಬೇಕು ಅನ್ನುವುದು ಅವರ ನಿಯಮ. ಹೊಲಿಗೆ ಕಲಿತ ಎಷ್ಟೋ ಮಂದಿ ಮೆಷಿನ್ ಮೇಲೆ ಬಟ್ಟೆ ಹೊದಿಸಿ ಇಟ್ಟುಬಿಡುವುದು ಕೈಗೆ ಕಸುಬು ಬಾರದೆ ಅಲ್ಲ. ಅಂಗಡಿ ಹೇಗೆ ಹಿಡಿಯಬೇಕು, ಎಷ್ಟು ದುಡ್ಡು ಕೇಳಬೇಕು ಅಂತ ಗೊತ್ತಾಗದೆ. ಅಲ್ಲಿ ರುಡ್‌ಸೆಟ್ ಪಾಠ ನಿಜಕ್ಕೂ ಕೈ ಹಿಡಿಯುತ್ತದೆ.

ಕೊರತೆ ಏನು ಅಂದರೆ, ಒಂದು ತಿಂಗಳು ಸಾಲದು. ಮೆಷಿನ್ ತುಳಿಯುವುದು ವಾರದಲ್ಲಿ ಬರುತ್ತದೆ. ನೇರ ಹೊಲಿಗೆ ಇನ್ನೊಂದು ವಾರ. ಕಟಿಂಗ್ ಮಾತ್ರ ಅಷ್ಟು ಬೇಗ ಕೈಗೆ ಹತ್ತುವುದಿಲ್ಲ. ಹೊಲಿದದ್ದು ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದು ತಪ್ಪಿದರೆ ಬಟ್ಟೆಯೇ ಹೋಯಿತು.

ಒಂದು ಲೈನಿಂಗ್ ಬ್ಲೌಸನ್ನೇ ತೆಗೆದುಕೊಳ್ಳಿ. 36 ಇಂಚು ಎದೆಯಳತೆಯ ಇಬ್ಬರು ಹೆಂಗಸರು ಬಂದರು ಅಂತಿಟ್ಟುಕೊಳ್ಳಿ. ಒಬ್ಬರ ಭುಜ ಇಳಿಜಾರು, ಇನ್ನೊಬ್ಬರದು ನೇರ. ಒಬ್ಬರಿಗೆ ಬೆನ್ನು ಅಗಲ, ಇನ್ನೊಬ್ಬರಿಗೆ ಮುಂಭಾಗ ತುಂಬಿದೆ. ಚಾರ್ಟ್ ನೋಡಿ ಇಬ್ಬರಿಗೂ ಒಂದೇ ಅಳತೆಯಲ್ಲಿ ಕತ್ತರಿಸಿದರೆ ಮೊದಲನೆಯವರಿಗೆ ಭುಜ ಜಾರುತ್ತದೆ, ಎರಡನೆಯವರಿಗೆ ಕಂಕುಳ ಹತ್ತಿರ ಸುಕ್ಕು ಬೀಳುತ್ತದೆ. ಡಾಟ್ (ಮೈಗೆ ಸರಿಯಾಗಿ ಕೂರಲು ಮಡಿಸಿ ಹೊಲಿಯುವ ಜಾಗ) ಅರ್ಧ ಇಂಚು ಮೇಲೆ ಹೋದರೂ ಇಡೀ ಬ್ಲೌಸ್ ಕೆಟ್ಟ ಹಾಗೆ ಕಾಣುತ್ತದೆ. ತೋಳು ಕೂರಿಸುವ ಸುತ್ತಿನ, ಅಂದರೆ ಆರ್ಮ್‌ಹೋಲಿನ ಆಳ ಜಾಸ್ತಿ ಮಾಡಿದರೆ ಕೈ ಎತ್ತಿದಾಗ ಬ್ಲೌಸೇ ಮೇಲೆ ಬರುತ್ತದೆ. ಇದನ್ನೆಲ್ಲ ಪುಸ್ತಕದಿಂದ ಕಲಿಯುವುದು ಕಷ್ಟ. ಬೇರೆ ಬೇರೆ ಮೈಕಟ್ಟಿನವರಿಗೆ ಕತ್ತರಿಸಿ, ಹೊಲಿದು, ಹಾಕಿಸಿ, ಎಲ್ಲಿ ಎಳೆಯಿತು ಅಂತ ನೋಡಿ, ಬಿಚ್ಚಿ ಸರಿಮಾಡಿಯೇ ಕಲಿಯಬೇಕು.

ಆದ್ದರಿಂದ ತಿಂಗಳ ತರಬೇತಿ ಮುಗಿಸಿದವರು ಅದನ್ನು ಕೊನೆ ಅಂತ ಅಂದುಕೊಳ್ಳಬಾರದು. ಮುಂದಿನ ಮೂರ್ನಾಲ್ಕು ತಿಂಗಳು ಒಬ್ಬ ಒಳ್ಳೆಯ ಟೈಲರ್ ಹತ್ತಿರ ಅರ್ಧ ದಿನ ಹೋಗಿ ಕೂತರೆ ಈ ಜೋಡಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಕೈಯಲ್ಲಿ ಕಾಸಿಲ್ಲದೆ ಮನೆಯಿಂದ ದುಡಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ನೇರವಾಗಿ ಟೈಲರ್ ಅಂಗಡಿಗೇ ಹೋದರೆ ಆಗಲ್ವಾ? ಆಗುತ್ತದೆ. ಹಳೇ ಕಾಲದಿಂದ ಈ ಕಸುಬು ಹಾಗೇ ಬಂದಿದೆ. ಆದರೆ ಮೊದಲ ತಿಂಗಳುಗಳು ಹುಕ್ ಹಾಕುವುದು, ಹೆಮ್ಮಿಂಗ್ ಮಾಡುವುದು, ಕಾಜಾ ಕಟ್ಟುವುದರಲ್ಲೇ ಕಳೆಯುತ್ತವೆ. ಅದೂ ಕಲಿಕೆಯೇ, ಸಂಶಯ ಇಲ್ಲ. ತೊಂದರೆ ಶುರುವಾಗುವುದು ವರ್ಷ ಕಳೆದರೂ ಮಾಸ್ತರು ಕತ್ತರಿ ಕೈಗೆ ಕೊಡದಿದ್ದಾಗ. ಕೆಲವರು ಕಟಿಂಗ್ ಮಾಡುವಾಗ ಕಲಿಯುವವರನ್ನು ಹತ್ತಿರ ಸೇರಿಸುವುದೂ ಇಲ್ಲ. ಕಲಿತರೆ ಎದುರಿಗೇ ಅಂಗಡಿ ಇಟ್ಟುಬಿಡುತ್ತಾಳೆ ಅನ್ನುವ ಭಯ. ಹಾಗಾಗಿ ಸೇರುವ ದಿನವೇ ಮುಖಾಮುಖಿ ಕೇಳಿ: ಕಟಿಂಗ್ ಯಾವ ತಿಂಗಳಿಂದ ಹೇಳಿಕೊಡುತ್ತೀರಿ? ಉತ್ತರ ‘ನೋಡೋಣ’ ಅಂತ ಬಂದರೆ ಬೇರೆ ಅಂಗಡಿ ನೋಡಿ.

ಓದು ಬರಹ ಅಷ್ಟಾಗಿ ಇಲ್ಲದವರು, ಶಾಲೆ ಅರ್ಧಕ್ಕೆ ಬಿಟ್ಟವರು ಜನ ಶಿಕ್ಷಣ ಸಂಸ್ಥೆಯನ್ನು ವಿಚಾರಿಸಿ. ಇದು ಕೇಂದ್ರದ ಕೌಶಲ ಸಚಿವಾಲಯದ ಅಡಿಯಲ್ಲಿದೆ, 15ರಿಂದ 45 ವಯಸ್ಸಿನವರಿಗೆ. ಹಾಸ್ಟೆಲ್ ಇರುವುದಿಲ್ಲ, ಆದರೆ ನಿಮ್ಮ ಊರಿಗೆ ಹತ್ತಿರದಲ್ಲೇ ಬ್ಯಾಚ್ ನಡೆಸುತ್ತಾರೆ. ರಾತ್ರಿ ಮನೆ ಬಿಟ್ಟಿರಲು ಆಗದವರಿಗೆ ರುಡ್‌ಸೆಟ್‌ಗಿಂತ ಇದೇ ವಾಸಿ. ತಾಲ್ಲೂಕು ಕೇಂದ್ರಕ್ಕೆ ದಿನಾ ಹೋಗಿಬರುವ ಖರ್ಚಿನ ಚಿಂತೆಯೂ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಕಡಿಮೆಯಾಗಿದೆ.

ಯೂಟ್ಯೂಬ್ ಬಗ್ಗೆ ಒಂದೇ ಮಾತು. ಕೈ ಕುದುರಿದ ಮೇಲೆ ಹೊಸ ನೆಕ್ ಡಿಸೈನ್, ತೋಳಿನ ಮಾದರಿ ಕಲಿಯಲು ಅದರಷ್ಟು ಒಳ್ಳೆಯ ಮೇಷ್ಟ್ರು ಇಲ್ಲ. ಶುರುವಿನಲ್ಲಿ ಬೇಡ. ನಿಮ್ಮ ಬ್ಲೌಸ್ ಎಲ್ಲಿ ಎಳೆಯುತ್ತಿದೆ ಅಂತ ಅದು ನೋಡಿ ಹೇಳುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ರೇಟು ಊರಿಂದ ಊರಿಗೆ ಬೇರೆ, ಹಾಗಾಗಿ ಇದು ಉದಾಹರಣೆ ಮಾತ್ರ. ಲೈನಿಂಗ್ ಬ್ಲೌಸಿಗೆ 350 ರೂಪಾಯಿ ತೆಗೆದುಕೊಂಡಿರಿ ಅನ್ನೋಣ. ಲೈನಿಂಗ್ ಬಟ್ಟೆ, ದಾರ, ಹುಕ್, ಕರೆಂಟು ಸೇರಿ 90 ಹೋಯಿತು. ಉಳಿದದ್ದು 260. ಕಟಿಂಗ್‌ನಿಂದ ಹೆಮ್ಮಿಂಗ್‌ವರೆಗೆ ಮೂರು ಗಂಟೆ ಹಿಡಿದರೆ ಗಂಟೆಗೆ 87 ರೂಪಾಯಿ ಬಿತ್ತು. ದಿನಕ್ಕೆ ಎರಡು ಬ್ಲೌಸ್, ತಿಂಗಳಿಗೆ 22 ದಿನ ಅಂದರೆ 11,440. ಕೇಳಲು ಚೆನ್ನಾಗಿದೆ. ಆದರೆ ಎಲ್ಲ ತಿಂಗಳೂ ದಿನಕ್ಕೆರಡು ಬ್ಲೌಸ್ ಬರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸವೂ ಇಲ್ಲ. ವರಮಹಾಲಕ್ಷ್ಮಿ ಬಂತು ಅಂದರೆ ರಾತ್ರಿ ಹನ್ನೆರಡಾದರೂ ಮುಗಿಯುವುದಿಲ್ಲ.

ಈ ಏರಿಳಿತವನ್ನು ತಡೆದುಕೊಳ್ಳುವ ಕೆಲಸಗಳನ್ನೂ ಕಲಿಸುವ ಜಾಗವನ್ನೇ ಆರಿಸಿ. ಬರೀ ಬ್ಲೌಸ್ ಕಲಿತವರಿಗಿಂತ ಬ್ಲೌಸ್, ನೈಟಿ, ಚೂಡಿದಾರ್, ಸ್ಕೂಲ್ ಯೂನಿಫಾರ್ಮ್, ಆಲ್ಟ್ರೇಷನ್ ಎಲ್ಲ ಬರುವವರು ವರ್ಷವಿಡೀ ದುಡಿಯುತ್ತಾರೆ. ಯೂನಿಫಾರ್ಮ್ ಕೆಲಸ ಜೂನ್ ಹೊತ್ತಿಗೆ ಬರುತ್ತದೆ, ಅಂದರೆ ಆಷಾಢಕ್ಕೆ ಸ್ವಲ್ಪ ಮೊದಲೇ ಕೈಯಲ್ಲಿ ಕಾಸು. ಫಾಲ್-ಪಿಕೋವನ್ನಂತೂ ಯಾರೂ ಕೀಳಾಗಿ ನೋಡಬೇಡಿ. ಒಂದು ಸೀರೆಗೆ ಸಿಗುವುದು ಕಡಿಮೆಯೇ. ಆದರೆ ಪಿಕೋ ಮೆಷಿನ್ ಇರುವ ಮನೆಗೆ ದಿನಾ ಜನ ಬರುತ್ತಾರೆ. ಸೀರೆ ಕೊಟ್ಟವರು ಅದರ ಬ್ಲೌಸ್ ಪೀಸನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ. ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿ ಕಲಿತರೆ ಮದುವೆ ಬ್ಲೌಸುಗಳಲ್ಲಿ ರೇಟು ಒಂದೇ ಸಲ ಮೇಲೆ ಹೋಗುತ್ತದೆ, ಆದರೆ ಅದು ಪೂರ್ತಿ ಸೀಸನ್ ಕೆಲಸ. ಕಣ್ಣಿಗೂ ಸೊಂಟಕ್ಕೂ ಶ್ರಮ ಜಾಸ್ತಿ. ಹೊಲಿಗೆ ಗಟ್ಟಿಯಾದ ಮೇಲೆ ಸೇರಿಸಿಕೊಳ್ಳಿ.

ತಿಂಗಳ ಸಂಬಳವೇ ಬೇಕು ಅನ್ನುವವರಿಗೆ

ಗಾರ್ಮೆಂಟ್ಸ್ ಅಂದರೆ ಮೂಗು ಮುರಿಯುವವರು ಜಾಸ್ತಿ. ನಾನು ಹಾಗೆ ಹೇಳುವುದಿಲ್ಲ. ಪೀಣ್ಯ, ಹೊಸೂರು ರಸ್ತೆಯಿಂದ ಶುರುವಾಗಿ ಈಗ ದೊಡ್ಡಬಳ್ಳಾಪುರ, ರಾಮನಗರ, ಮಂಡ್ಯ, ಹಾಸನ, ಶಿವಮೊಗ್ಗದವರೆಗೆ ಫ್ಯಾಕ್ಟರಿಗಳಿವೆ. ಪಿಎಫ್ ಇದೆ, ಇಎಸ್‌ಐ ಇದೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಕುಟುಂಬದ ಚಿಕಿತ್ಸೆ, ಹೆರಿಗೆಗೆ 26 ವಾರದ ರಜೆಯ ಸಂಬಳ ಸಿಗುತ್ತದೆ. ಮನೆಯಲ್ಲಿ ಹೊಲಿಯುವವರಿಗೆ ಇದ್ಯಾವುದೂ ಇಲ್ಲ. ಪಿಎಫ್ ದುಡ್ಡು ಈ ಹೆಂಗಸರಿಗೆ ಎಷ್ಟು ಮುಖ್ಯ ಅಂತ 2016ರ ಏಪ್ರಿಲ್‌ನಲ್ಲಿ ಇಡೀ ದೇಶ ನೋಡಿತು. ಪಿಎಫ್ ಹಣ ತೆಗೆಯಲು ಕೇಂದ್ರ ಹೊಸ ನಿರ್ಬಂಧ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ನಗರವೇ ನಿಂತುಹೋಯಿತು. ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.

ಈ ಕೆಲಸಕ್ಕೆ ಬೇಕಾದ ತರಬೇತಿಯೇ ಬೇರೆ. ‘ಸೂಯಿಂಗ್ ಮೆಷಿನ್ ಆಪರೇಟರ್’ ಅಂತ ಅದರ ಹೆಸರು. ಹಳ್ಳಿಯ ಯುವಜನರಿಗೆ ಡಿಡಿಯು-ಜಿಕೆವೈಯಂಥ ಕೇಂದ್ರದ ಕೌಶಲ ಯೋಜನೆಗಳಲ್ಲಿ ಉಚಿತವಾಗಿ ಕಲಿಸಿ ಕೆಲಸಕ್ಕೂ ಸೇರಿಸುತ್ತಾರೆ. ದೊಡ್ಡ ಫ್ಯಾಕ್ಟರಿಗಳಲ್ಲಿ ತಮ್ಮದೇ ತರಬೇತಿ ಕೋಣೆ ಇರುತ್ತದೆ. ಮೊದಲ ದಿನಗಳಲ್ಲಿ ಬಟ್ಟೆಯನ್ನೇ ಮುಟ್ಟಿಸುವುದಿಲ್ಲ. ಗೆರೆ ಎಳೆದ ಕಾಗದ ಕೊಟ್ಟು, ದಾರ ಹಾಕದೆ, ಗೆರೆಯ ಮೇಲೇ ಸೂಜಿ ಓಡಿಸಲು ಹೇಳುತ್ತಾರೆ. ನೇರ ಗೆರೆ, ಆಮೇಲೆ ಮೂಲೆ, ಆಮೇಲೆ ಸುತ್ತು. ತೂತು ಗೆರೆ ಬಿಟ್ಟು ಹೋಗಿದ್ದರೆ ಮತ್ತೆ ಮೊದಲಿಂದ. ಇದು ಸುಮ್ನೆ ಆಟ ಅಲ್ಲ. ಮನೆಯ ಮೆಷಿನ್ ನಿಮಿಷಕ್ಕೆ ಸಾವಿರದ ಆಸುಪಾಸು ಹೊಲಿಗೆ ಹಾಕಿದರೆ, ಫ್ಯಾಕ್ಟರಿಯ ಮೆಷಿನ್ ನಾಲ್ಕೈದು ಸಾವಿರ ಹಾಕಬಲ್ಲದು. ಪೆಡಲ್ ಮೇಲೆ ಕಾಲಿನ ಹಿಡಿತ ಇಲ್ಲದಿದ್ದರೆ ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ.

ಕಲಿಯುವುದಕ್ಕೆ ಕಡಿಮೆ ಕಾಲ ಸಾಕು, ಸಂಬಳ ಬೇಗ ಶುರು. ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಲೈನಿನಲ್ಲಿ ಒಬ್ಬರು ಕಾಲರ್ ಕೂರಿಸುತ್ತಾರೆ, ಪಕ್ಕದವರು ಕಫ್, ಅದರಾಚೆಯವರು ಸೈಡ್ ಹೊಲಿಗೆ. ಐದು ವರ್ಷ ಕಾಲರ್ ಕೂರಿಸಿದವರಿಗೆ ಒಂದು ಪೂರ್ತಿ ಶರ್ಟ್ ಹೊಲಿಯಲು ಬರದೇ ಇರಬಹುದು. ಗಂಟೆಗೆ ಇಷ್ಟು ಅಂತ ಟಾರ್ಗೆಟ್ ತಲೆಯ ಮೇಲೆ ಇರುತ್ತದೆ. ‘ಎರಡು ವರ್ಷ ಗಾರ್ಮೆಂಟ್ಸ್ ಮಾಡಿ ಆಮೇಲೆ ಊರಲ್ಲಿ ಅಂಗಡಿ ಇಡ್ತೀನಿ’ ಅನ್ನುವ ಲೆಕ್ಕ ಹೆಚ್ಚಿನ ಸಲ ಕೈಕೊಡುವುದು ಇದಕ್ಕೇ. ಸ್ಪೀಡ್ ಬಂದಿರುತ್ತದೆ, ಕಟಿಂಗ್ ಬಂದಿರುವುದಿಲ್ಲ. ಅಂಥ ಯೋಚನೆ ಇದ್ದವರು ಆಪರೇಟರ್ ಆಗಿಯೇ ಉಳಿಯಬೇಡಿ, ಸ್ಯಾಂಪ್ಲಿಂಗ್ ವಿಭಾಗಕ್ಕೆ ಹೋಗಲು ಪ್ರಯತ್ನಿಸಿ. ಬಯ್ಯರ್‌ಗೆ ತೋರಿಸುವ ಮೊದಲ ಉಡುಪನ್ನು ಅಲ್ಲಿ ಒಬ್ಬರೇ ಪೂರ್ತಿ ಹೊಲಿಯುತ್ತಾರೆ. ಪ್ಯಾಟರ್ನ್ ಮಾಸ್ಟರ್ ಪಕ್ಕದಲ್ಲೇ ಇರುತ್ತಾರೆ. ಫ್ಯಾಕ್ಟರಿಯೊಳಗೆ ಕಸುಬು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ತರಬೇತಿಗೆ ಸೇರಿಸುವವರು ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂದರೆ, ಯಾವ ಊರಿನಲ್ಲಿ, ಎಷ್ಟು ಸಂಬಳ, ಹಾಸ್ಟೆಲ್ಲಿಗೆ ಎಷ್ಟು ಹಿಡಿಯುತ್ತಾರೆ ಅಂತ ಕೇಳಿ ಬರೆದುಕೊಳ್ಳಿ. ಹಿಂದಿನ ಬ್ಯಾಚಿನ ಹುಡುಗಿಯೊಬ್ಬಳ ಜೊತೆ ಮಾತಾಡಿಸಿ ಅಂತ ಕೇಳುವುದು ಇನ್ನೂ ಒಳ್ಳೆಯದು.

ಐಟಿಐ, ಡಿಪ್ಲೊಮಾ: ಕಾಗದಕ್ಕೆ ಬೆಲೆ ಇರುವ ಕಡೆ

ಐಟಿಐಯಲ್ಲಿ ಹೊಲಿಗೆಗೆ ಸಂಬಂಧಿಸಿ ಮೂರು ಟ್ರೇಡ್‌ಗಳು ಕಾಣಿಸುತ್ತವೆ. ಸೂಯಿಂಗ್ ಟೆಕ್ನಾಲಜಿ ಮತ್ತು ಡ್ರೆಸ್ ಮೇಕಿಂಗ್‌ಗೆ ಎಂಟನೇ ತರಗತಿ ಸಾಕು. ಫ್ಯಾಷನ್ ಡಿಸೈನ್ ಅಂಡ್ ಟೆಕ್ನಾಲಜಿಗೆ ಎಸ್ಸೆಸ್ಸೆಲ್ಸಿ ಬೇಕು. ಮೂರೂ ಒಂದೊಂದು ವರ್ಷ. ಸರ್ಕಾರಿ ಐಟಿಐನಲ್ಲಿ ಫೀಸು ಹೆಸರಿಗಷ್ಟೇ. ಎಲ್ಲ ಕಡೆ ಮೂರೂ ಇರುವುದಿಲ್ಲ, ನಿಮ್ಮ ಹತ್ತಿರದ ಐಟಿಐನಲ್ಲಿ ಯಾವುದಿದೆ ಅಂತ ಮೊದಲೇ ನೋಡಿಕೊಳ್ಳಬೇಕು.

ಒಂದು ವರ್ಷ ಅಂದರೆ ಕಟಿಂಗ್‌ಗೆ, ಡ್ರಾಫ್ಟಿಂಗ್‌ಗೆ ನಿಜವಾಗಲೂ ಸಮಯ ಸಿಗುತ್ತದೆ. ಬ್ರೌನ್ ಶೀಟಿನ ಮೇಲೆ ಪ್ಯಾಟರ್ನ್ ಬಿಡಿಸುವುದು, ಮಕ್ಕಳ ಬಟ್ಟೆ, ಹೆಂಗಸರ ಬಟ್ಟೆ, ಗಂಡಸರ ಶರ್ಟ್ ಎಲ್ಲ ಪಠ್ಯದಲ್ಲಿದೆ. ಕಲಿಸುವವರು ಚೆನ್ನಾಗಿದ್ದರೆ ಇದು ಬಹಳ ಗಟ್ಟಿ ಅಡಿಪಾಯ. ಆದರೆ ಮನೆಯಲ್ಲಿ ಬ್ಲೌಸ್ ಹೊಲಿಯುವ ಉದ್ದೇಶ ಒಂದೇ ಇದ್ದರೆ ಒಂದು ವರ್ಷ ಕೊಡುವುದು ಸ್ವಲ್ಪ ದುಬಾರಿ ಅಂತಲೇ ಹೇಳುತ್ತೇನೆ.

ಐಟಿಐ ಸರ್ಟಿಫಿಕೇಟಿನ ನಿಜವಾದ ಉಪಯೋಗ ಬೇರೆ ಇದೆ: ಕಲಿಸುವ ಕೆಲಸ. ಐಟಿಐ ಮುಗಿಸಿದವರು ಸಿಐಟಿಎಸ್ ಅನ್ನುವ ಒಂದು ವರ್ಷದ ಬೋಧಕರ ತರಬೇತಿ ಮಾಡಿಕೊಳ್ಳಬಹುದು. ಐಟಿಐಗಳಲ್ಲಿ ಇನ್‌ಸ್ಟ್ರಕ್ಟರ್ ಕೆಲಸಕ್ಕೆ ಅದು ಬೇಕಾಗುತ್ತದೆ. ಮಾತಾಡಲು ಸಂಕೋಚ ಇಲ್ಲದ, ಹೇಳಿಕೊಡುವುದರಲ್ಲಿ ಖುಷಿ ಇರುವ ಹುಡುಗಿಯರಿಗೆ ಇದು ಒಳ್ಳೆಯ ದಾರಿ. ಆಶ್ಚರ್ಯ ಅಂದರೆ ಈ ದಾರಿಯನ್ನು ಹೇಳುವವರೇ ಕಡಿಮೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಫ್ಯಾಕ್ಟರಿಗಳಲ್ಲಿ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್ ಆಗುವ ಅವಕಾಶವೂ ಇದೆ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಅಪಾರೆಲ್ ಡಿಸೈನ್ ಅಂಡ್ ಫ್ಯಾಬ್ರಿಕೇಶನ್ ಟೆಕ್ನಾಲಜಿ ಅನ್ನುವ ಮೂರು ವರ್ಷದ ಡಿಪ್ಲೊಮಾ ಇದೆ. ಹೊಲಿಗೆಗಿಂತ ಉಡುಪು ತಯಾರಿಕೆಯ ಮೇಲುಸ್ತುವಾರಿಗೆ ತಯಾರು ಮಾಡುವ ಕೋರ್ಸ್ ಇದು. ಕ್ವಾಲಿಟಿ, ಮರ್ಚಂಡೈಸಿಂಗ್ (ಬಯ್ಯರ್‌ಗಳ ಆರ್ಡರ್ ನೋಡಿಕೊಳ್ಳುವುದು), ಪ್ಯಾಟರ್ನ್, ಕಂಪ್ಯೂಟರ್‌ನಲ್ಲಿ ಡಿಸೈನ್. ಲೈನಿನಲ್ಲಿ ಕೂರುವ ಬದಲು ಲೈನ್ ನೋಡಿಕೊಳ್ಳುವ ಕೆಲಸ ಬೇಕಾದವರಿಗೆ ಇದು ಸರಿಹೊಂದುತ್ತದೆ.

ಡಿಸೈನರ್ ಆಗಬೇಕು ಅನ್ನುವವರಿಗೆ

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಫ್ಯಾಷನ್ ಡಿಸೈನಿಂಗ್ ಅನ್ನುವ ಹೆಸರಿನಲ್ಲಿ ಮಾರುವುದು ಬಹಳ ಇದೆ.

ನಿಫ್ಟ್ 1986ರಲ್ಲಿ ಶುರುವಾಯಿತು. ಬೆಂಗಳೂರಿನ ಕ್ಯಾಂಪಸ್ ಎಚ್‌ಎಸ್‌ಆರ್ ಲೇಔಟ್‌ನಲ್ಲಿದೆ. ಪಿಯುಸಿ ಆದವರು ಯಾವ ವಿಭಾಗದವರಾದರೂ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಡಿಸ್‌ಗೆ ಸೇರಬಹುದು. ಪರೀಕ್ಷೆಯಲ್ಲಿ ಚಿತ್ರ ಬಿಡಿಸುವ, ಯೋಚಿಸುವ ಶಕ್ತಿ ನೋಡುತ್ತಾರೆ. ಹೊಲಿಯಲು ಬರುತ್ತಾ ಅಂತ ಕೇಳುವುದಿಲ್ಲ. ಉಡುಪು ತಯಾರಿಕೆಯ ತಾಂತ್ರಿಕ ಕಡೆಗೆ ಬಿ.ಎಫ್.ಟೆಕ್ ಇದೆ, ಅದಕ್ಕೆ ಗಣಿತ ಓದಿರಬೇಕು. ನಾಲ್ಕು ವರ್ಷದ ಖರ್ಚು ಹಲವು ಲಕ್ಷ. ಇಲ್ಲಿಂದ ಹೊರಬಂದವರು ಬ್ರ್ಯಾಂಡ್‌ಗಳಲ್ಲಿ, ಎಕ್ಸ್‌ಪೋರ್ಟ್ ಕಂಪನಿಗಳಲ್ಲಿ ಕೆಲಸ ಮಾಡುತ್ತಾರೆ. ಊರಿನಲ್ಲಿ ಬೊಟೀಕ್ ಇಡುವುದಷ್ಟೇ ಆಸೆ ಆಗಿದ್ದರೆ ಇಷ್ಟು ದೂರ ಹೋಗಬೇಕಿಲ್ಲ.

ಮಧ್ಯದಲ್ಲಿ ಇರುವುದು ಖಾಸಗಿ ಸಂಸ್ಥೆಗಳ ಆರು ತಿಂಗಳ, ಒಂದು ವರ್ಷದ ಡಿಪ್ಲೊಮಾ. ಕೆಲವು ಚೆನ್ನಾಗಿವೆ. ಕೆಲವು ಕಡೆ ಗೋಡೆ ಮೇಲೆ ದೊಡ್ಡ ಫೋಟೊ, ಕೋಣೆಯಲ್ಲಿ ಎರಡೇ ಮೆಷಿನ್. ವರ್ಷಪೂರ್ತಿ ಬಣ್ಣದ ಪೆನ್ಸಿಲ್ ಹಿಡಿದು ಉದ್ದ ಕಾಲಿನ ಹುಡುಗಿಯರ ಚಿತ್ರ ಬಿಡಿಸಿ, ಕೊನೆಗೆ ಒಂದು ಫ್ಯಾಷನ್ ಶೋ ಮಾಡಿಸಿ ಕಳಿಸುತ್ತಾರೆ. ಆ ಶೋಗೆ ಬಟ್ಟೆ ಹೊಲಿದುಕೊಟ್ಟದ್ದು ಹೊರಗಿನ ಟೈಲರ್! ಸೇರುವ ಮೊದಲು ಮೂರು ವಿಷಯ ಕೇಳಿ. ಸರ್ಟಿಫಿಕೇಟ್ ಕೊಡುವುದು ಯಾರು, ವಿಶ್ವವಿದ್ಯಾಲಯವಾ, ಸರ್ಕಾರದ ಕೌಶಲ ಮಂಡಳಿಯಾ, ಅಥವಾ ಅವರೇ ಪ್ರಿಂಟ್ ಹಾಕಿಸಿದ್ದಾ? ಒಬ್ಬ ವಿದ್ಯಾರ್ಥಿ ತಾನೇ ಕತ್ತರಿಸಿ ಮುಗಿಸುವ ಉಡುಪುಗಳು ಎಷ್ಟು? ಅರ್ಧದಲ್ಲಿ ಬಿಟ್ಟರೆ ಫೀಸು ವಾಪಸ್ಸಾ?

ನನ್ನ ಅಭಿಪ್ರಾಯ ಕೇಳಿದರೆ, ಬೊಟೀಕ್ ಕನಸು ಇರುವವರು ಮೊದಲು ಹೊಲಿಗೆ ಮತ್ತು ಕಟಿಂಗ್ ಕಲಿತು, ಒಂದೆರಡು ವರ್ಷ ಗಿರಾಕಿಗಳಿಗೆ ಹೊಲಿದು, ಆಮೇಲೆ ಡಿಸೈನ್ ಕೋರ್ಸಿಗೆ ದುಡ್ಡು ಹಾಕಲಿ. ಆಗ ಏನು ಕಲಿಯಬೇಕು ಅಂತ ನಿಮಗೇ ಗೊತ್ತಿರುತ್ತದೆ. ಉತ್ತರ ಕರ್ನಾಟಕದ ಕಸೂತಿಗೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿ, ಅಂದರೆ ಆ ಜಾಗದ್ದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ ಇದೆ. ಅಂಥ ಕೈಕೆಲಸ ಬಲ್ಲವರ ಜೊತೆ ಸೇರಿ ಕುರ್ತಾ, ಬ್ಲೌಸ್ ಮಾಡುವವರಿಗೆ ಬೇರೆ ಊರಿನ ಗಿರಾಕಿಗಳೂ ಸಿಗುತ್ತಾರೆ.

ಮೆಷಿನ್, ಸಾಲ, ಸುಳ್ಳು ಫಾರ್ವರ್ಡ್‌ಗಳು

‘ಪ್ರಧಾನಮಂತ್ರಿ ಉಚಿತ ಹೊಲಿಗೆ ಯಂತ್ರ ಯೋಜನೆ, ಕೂಡಲೇ ಅರ್ಜಿ ಹಾಕಿ’ ಅನ್ನುವ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರುತ್ತದೆ. ಆ ಹೆಸರಿನ ಕೇಂದ್ರ ಯೋಜನೆ ಇಲ್ಲ ಅಂತ ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿಯ ಫ್ಯಾಕ್ಟ್‌ಚೆಕ್ ವಿಭಾಗ ಸ್ಪಷ್ಟವಾಗಿ ಹೇಳಿದೆ. ಲಿಂಕ್ ಒತ್ತಿ ಆಧಾರ್ ನಂಬರ್ ಕೊಡಬೇಡಿ.

ನಿಜವಾಗಿ ಇರುವುದು ಪಿಎಂ ವಿಶ್ವಕರ್ಮ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಇ-ವೋಚರ್. ಆಮೇಲೆ ಶೇ 5 ಬಡ್ಡಿಗೆ ಅಡಮಾನ ಇಲ್ಲದೆ ಮೊದಲು 1 ಲಕ್ಷ, ಅದು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ, ಸರ್ಕಾರಿ ನೌಕರರ ಮನೆಯವರಿಗೆ ಇಲ್ಲ. ಅರ್ಜಿ ಹಾಕುವುದು ಸಿಎಸ್‌ಸಿ ಅನ್ನುವ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲಿ.

ಇದನ್ನು ಹೊಲಿಗೆ ಕಲಿಸುವ ಕೋರ್ಸ್ ಅಂತ ತಿಳಿದು ಹೋದವರಿಗೆ ನಿರಾಸೆ ಆಗುತ್ತದೆ. ಈಗಾಗಲೇ ಕಸುಬು ಮಾಡುತ್ತಿರುವವರಿಗಾಗಿ ಇರುವ ಯೋಜನೆ ಇದು. ಐದು ದಿನದಲ್ಲಿ ಯಾರಿಗೂ ಕಟಿಂಗ್ ಬರುವುದಿಲ್ಲ. ಆದ್ದರಿಂದ ರುಡ್‌ಸೆಟ್‌ನಲ್ಲೋ ಟೈಲರ್ ಬಳಿಯೋ ಕಲಿತು, ಗಿರಾಕಿಗಳಿಗೆ ಹೊಲಿಯಲು ಶುರುಮಾಡಿದ ಮೇಲೆ ಇದಕ್ಕೆ ಹೋಗಿ. ಇನ್ನೊಂದು ಸೂಕ್ಷ್ಮ ಇದೆ. ಮುದ್ರಾ ಸಾಲ ತೀರದೆ ಬಾಕಿ ಇದ್ದರೆ, ಅಥವಾ ಕಳೆದ ಐದು ವರ್ಷದಲ್ಲಿ ಪಿಎಂಇಜಿಪಿ (ಹೊಸ ಉದ್ದಿಮೆಗೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ) ಸಾಲ ಪಡೆದಿದ್ದರೆ, ವಿಶ್ವಕರ್ಮದ ಬಾಗಿಲು ಮುಚ್ಚುತ್ತದೆ. ಯಾವುದನ್ನು ಮೊದಲು ತೆಗೆದುಕೊಳ್ಳಬೇಕು ಅಂತ ಲೆಕ್ಕ ಹಾಕಿ. ಒಂದು ಮೆಷಿನ್, ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್ ಸಾಕು ಅನ್ನುವವರಿಗೆ ವಿಶ್ವಕರ್ಮವೇ ಹಗುರ. ಹತ್ತು ಮೆಷಿನ್ ಹಾಕಿ ಯೂನಿಫಾರ್ಮ್ ಘಟಕ ಮಾಡುವವರಿಗೆ ಪಿಎಂಇಜಿಪಿ. ಅದರಲ್ಲಿ ಹಳ್ಳಿಯ ಮಹಿಳೆಯರಿಗೆ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ ಇದೆ, ಕೈಯಿಂದ ಹಾಕಬೇಕಾದದ್ದು ಶೇ 5.

ಮೆಷಿನ್ ಕೊಳ್ಳುವಾಗ ನೀವು ಕಲಿತ ಮಾದರಿಯದ್ದೇ ಕೊಳ್ಳಿ. ಕಾಲಿನ ಮೆಷಿನ್‌ನಲ್ಲಿ ಕಲಿತವರು ಅಂಗಡಿಯವರ ಮಾತು ಕೇಳಿ ಪವರ್ ಮೆಷಿನ್ ತಂದು, ವೇಗ ಹಿಡಿತಕ್ಕೆ ಸಿಗದೆ ಮೂಲೆಗೆ ಹಾಕುವುದುಂಟು. ಪವರ್ ಮೆಷಿನ್ ತೆಗೆದುಕೊಳ್ಳುವುದೇ ಆದರೆ ಸರ್ವೋ ಮೋಟಾರ್ ಕೇಳಿ. ಹಳೇ ಕ್ಲಚ್ ಮೋಟಾರ್ ನೀವು ಹೊಲಿಯದಿದ್ದಾಗಲೂ ತಿರುಗುತ್ತಲೇ ಇರುತ್ತದೆ, ಕರೆಂಟು ತಿನ್ನುತ್ತದೆ, ಗಲಾಟೆಯೂ ಜಾಸ್ತಿ.

ಸೇರುವ ಮೊದಲು ಅರ್ಧ ದಿನ ಅಲ್ಲಿ ಕೂತು ನೋಡಿ

ಯಾವ ಕೇಂದ್ರವನ್ನೇ ಆರಿಸಿ, ಫೀಸು ಕಟ್ಟುವ ಮೊದಲು ಒಂದು ಬೆಳಗ್ಗೆ ಕ್ಲಾಸ್ ನಡೆಯುವಾಗ ಹೋಗಿ. ಎಷ್ಟು ಜನಕ್ಕೆ ಎಷ್ಟು ಮೆಷಿನ್ ಅಂತ ಎಣಿಸಿ. ಇಬ್ಬರಿಗೆ ಒಂದಾದರೂ ಇರಲಿ. ಕೆಟ್ಟು ಮೂಲೆಯಲ್ಲಿ ನಿಂತಿರುವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಟಿಂಗ್ ಟೇಬಲ್ ಇದೆಯಾ, ಅದರ ಮೇಲೆ ಕತ್ತರಿಸುತ್ತಿರುವುದು ಮೇಡಮ್ಮಾ, ಕಲಿಯುವವರಾ? ಬಟ್ಟೆ ಯಾರು ಕೊಡುತ್ತಾರೆ, ಮನೆಯಿಂದ ತರಬೇಕಾ? ಕಾಗದದ ಮೇಲಿನ ಚಿಕ್ಕ ಮಾದರಿಗಳನ್ನೇ ರೆಕಾರ್ಡ್ ಬುಕ್ಕಿಗೆ ಅಂಟಿಸಿ ಮುಗಿಸುತ್ತಾರಾ, ಅಥವಾ ಪೂರ್ತಿ ಅಳತೆಯ ಉಡುಪು ಹೊಲಿಸುತ್ತಾರಾ?

ಆಮೇಲೆ ಕೋರ್ಸ್ ಮುಗಿಸುತ್ತಿರುವ ಒಬ್ಬರು ಹೊಲಿದ ಬ್ಲೌಸ್ ಕೇಳಿ ಪಡೆದು ಒಳಗಡೆ ತಿರುಗಿಸಿ ನೋಡಿ. ಸೈಡಿನಲ್ಲಿ ಬಿಚ್ಚಿ ದೊಡ್ಡದು ಮಾಡಲು ಮಾರ್ಜಿನ್ ಬಿಟ್ಟಿದ್ದಾರಾ? ಎರಡೂ ಕಡೆಯ ಡಾಟ್ ಒಂದೇ ಎತ್ತರದಲ್ಲಿ ಇದೆಯಾ? ಕತ್ತಿನ ಪಟ್ಟಿ ಸುರುಟಿಕೊಂಡಿಲ್ಲ ತಾನೇ? ತೋಳು ಕೂಡುವ ಜಾಗದಲ್ಲಿ ನೆರಿಗೆ ಬಿದ್ದಿದೆಯಾ? ಹೊಲಿಗೆ ಬಾರದವರಿಗೂ ಇಷ್ಟು ಕಣ್ಣಿಗೆ ಕಾಣುತ್ತದೆ. ಬ್ಲೌಸ್ ಚೆನ್ನಾಗಿದ್ದರೆ ಅದನ್ನು ಕತ್ತರಿಸಿದ್ದು ಯಾರು ಅಂತ ಹೊಲಿದವರನ್ನೇ ಪಕ್ಕಕ್ಕೆ ಕರೆದು ಕೇಳಿ.

ಐಟಿಐ, ಪಾಲಿಟೆಕ್ನಿಕ್‌ಗೆ ಅರ್ಜಿ ಕರೆಯುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ, ಆ ಅವಧಿ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕಾಗಬಹುದು. ರುಡ್‌ಸೆಟ್, ಆರ್‌ಸೆಟಿಗಳಲ್ಲಿ ವರ್ಷವಿಡೀ ಬ್ಯಾಚ್ ನಡೆಯುತ್ತಿರುತ್ತವೆ. ಹೆಸರು, ಫೋನ್ ನಂಬರ್ ಬರೆಸಿ ಬಂದರೆ ಮುಂದಿನ ಬ್ಯಾಚಿಗೆ ಅವರೇ ಕರೆಯುತ್ತಾರೆ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಮತ್ತು ಫೋಟೊ ಜೊತೆಗಿರಲಿ.